ಮರವಿಲ್ಲದ ನೆಲಕ್ಕೂ ಕಾವಲು ಬೇಕು

ಕರ್ನಾಟಕದ ವನ್ಯಜೀವಿಗಳ ಮಾತು ಬಂದಾಗಲೆಲ್ಲ ನಮ್ಮ ಕಣ್ಣು ಸಹ್ಯಾದ್ರಿಯ ಕಡೆಗೆ, ಇಲ್ಲವೇ ಮೈಸೂರು–ಚಾಮರಾಜನಗರದ ಕಾಡುಗಳ ಕಡೆಗೆ ತಿರುಗುತ್ತದೆ. ಬಂಡೀಪುರ, ನಾಗರಹೊಳೆ, ಭದ್ರಾ, ಬಿಳಿಗಿರಿರಂಗನ ಬೆಟ್ಟ, ಕಾಳಿ ಎಂಬ ಐದು ಹುಲಿ ಸಂರಕ್ಷಿತ ಪ್ರದೇಶಗಳ ಹೆಸರು ಶಾಲೆಯ ಮಕ್ಕಳಿಗೂ ಬಾಯಿಪಾಠವಾಗಿದೆ. 2022ರ ಗಣತಿಯಲ್ಲಿ ರಾಜ್ಯದ ಹುಲಿಗಳ ಸಂಖ್ಯೆ 563 ಎಂದೂ, 2023ರ ಗಣತಿಯಲ್ಲಿ ಆನೆಗಳ ಸಂಖ್ಯೆ 6,395 ಎಂದೂ ಅಂದಾಜಾದಾಗ ಆ ಅಂಕಿಗಳನ್ನು ನಾವೆಲ್ಲ ಸಂತೋಷದಿಂದ ಓದಿದೆವು. ಸಂತೋಷ ಪಡಬೇಕಾದ ಸಂಗತಿಯೇ ಅದು; ಅದರ ಹಿಂದೆ ಹಲವು ದಶಕಗಳ ಕಾವಲುಗಾರರ ದುಡಿಮೆಯಿದೆ. ಆದರೆ ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ, ನಮ್ಮ ಕಡೆಯ ಪ್ರಾಣಿಗಳ ಲೆಕ್ಕವನ್ನು ಯಾರು ಇಟ್ಟಿದ್ದಾರೆ, ಆ ಲೆಕ್ಕ ಏರಿದರೆ ಅಥವಾ ಇಳಿದರೆ ಯಾರ ಮನಸ್ಸಿಗಾದರೂ ತಟ್ಟುತ್ತದೆಯೇ ಎಂಬ ಪ್ರಶ್ನೆ ಅಂಥ ಸುದ್ದಿಯ ಜೊತೆಗೇ ಹುಟ್ಟುತ್ತದೆ.

ಚಿಗರಿ, ತೋಳ, ನರಿ, ಕತ್ತೆಕಿರುಬ, ಕರಡಿ, ಕೊಂಡುಕುರಿ, ಚಿಂಕಾರ, ಎರ್ಲಡ್ಡು ಹಕ್ಕಿ, ಗೌಜಲಕ್ಕಿ: ಇವು ನಮ್ಮ ಬಯಲಿನ ಮೂಲ ನಿವಾಸಿಗಳು. ಇವುಗಳಲ್ಲಿ ಕೆಲವಕ್ಕೆ ಕುರುಚಲು ಗುಡ್ಡ ಬೇಕು, ಕೆಲವಕ್ಕೆ ಬಂಡೆಗಳ ಸಂದು ಬೇಕು, ಚಿಗರಿಗೂ ಎರ್ಲಡ್ಡುವಿಗೂ ಕಣ್ಣು ಹರಿಯುವಷ್ಟು ದೂರ ತೆರೆದ ನೆಲವೇ ಬೇಕು. ದಟ್ಟವಾದ ಕಾಡು ಇವುಗಳಲ್ಲಿ ಯಾವುದಕ್ಕೂ ಬೇಕಿಲ್ಲ. ಪುಸ್ತಕಗಳು ಕೃಷ್ಣಮೃಗ ಎಂದು ಕರೆಯುವ ಚಿಗರಿಯ ಇಡೀ ಬದುಕು ನೋಟ ಮತ್ತು ಓಟದ ಮೇಲೆ ನಿಂತಿದೆ. ಅಪಾಯವನ್ನು ಅದು ದೂರದಿಂದಲೇ ಕಂಡುಕೊಳ್ಳಬೇಕು, ಕಂಡೊಡನೆ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡಬೇಕು. ಇಷ್ಟು ವೇಗ ಅದಕ್ಕೆ ಯಾಕೆ ಬೇಕಾಯಿತು ಎಂದು ಕೇಳಿದರೆ, ಒಂದು ಕಾಲಕ್ಕೆ ಇದೇ ಬಯಲುಗಳಲ್ಲಿ ಅದನ್ನು ಬೆನ್ನಟ್ಟುತ್ತಿದ್ದ ಸಿವಂಗಿಯನ್ನು, ಅಂದರೆ ಚೀತಾವನ್ನು, ನೆನೆಯಬೇಕಾಗುತ್ತದೆ. ಸಿವಂಗಿ ಈ ದೇಶದಿಂದ ಅಳಿದುಹೋಯಿತೆಂದು 1952ರಲ್ಲಿ ಅಧಿಕೃತವಾಗಿ ಘೋಷಿಸಲಾಯಿತು. ಇಂಥ ಪ್ರಾಣಿಯನ್ನು ಉಳಿಸುವುದೆಂದರೆ ಮೊದಲು ಅದರ ಬಯಲನ್ನು ಬಯಲಾಗಿಯೇ ಉಳಿಸುವುದು. ನಮ್ಮ ವನ್ಯಜೀವಿ ಸಂರಕ್ಷಣೆ ಈ ಸರಳವಾದ ಮಾತನ್ನು ಒಪ್ಪಿಕೊಳ್ಳಲು ಅರ್ಧ ಶತಮಾನವನ್ನೇ ತೆಗೆದುಕೊಂಡಿದೆ, ಇನ್ನೂ ಪೂರ್ತಿಯಾಗಿ ಒಪ್ಪಿಕೊಂಡಿಲ್ಲ ಎಂಬುದು ಈ ಬರಹದ ತಕರಾರು.

ಇದಕ್ಕೆ ರಾಣೆಬೆನ್ನೂರಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಹಾವೇರಿ ಜಿಲ್ಲೆಯ ಈ ಅಭಯಾರಣ್ಯ ಘೋಷಣೆಯಾದದ್ದು 1974ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದು ಎರಡು ವರ್ಷ ಕಳೆಯುವಷ್ಟರಲ್ಲಿ. ಒಟ್ಟು ವಿಸ್ತೀರ್ಣ 119 ಚದರ ಕಿಲೋಮೀಟರ್, ಅದರಲ್ಲಿ ನಡುಭಾಗವೆಂದು ಗುರುತಿಸಿದ್ದು 14.87 ಚದರ ಕಿಲೋಮೀಟರ್. ಚಿಗರಿಗಳಿಗೆಂದೇ ಇಷ್ಟು ನೆಲವನ್ನು ಮೀಸಲಿಟ್ಟದ್ದು ಆ ಕಾಲಕ್ಕೆ ದೂರದೃಷ್ಟಿಯ ಕೆಲಸವಾಗಿತ್ತು, ಅದನ್ನು ಮಾಡಿದವರಿಗೆ ನಾವು ಋಣಿಗಳು. ಆದರೆ ಅಭಯಾರಣ್ಯವಾಗುವ ಮೊದಲೇ ಅಲ್ಲಿನ ಕುರುಚಲು ಬಯಲಿನ ಬಹುಭಾಗದಲ್ಲಿ ನೀಲಗಿರಿಯ ಸಸಿಗಳನ್ನು ಸಾಲುಸಾಲಾಗಿ ನೆಟ್ಟಾಗಿತ್ತು. ಬೋಳು ನೆಲ ಕಂಡರೆ ಅದನ್ನು ಹಸಿರಾಗಿಸಬೇಕು ಎಂಬುದು ಆ ದಿನಗಳ ಪ್ರಾಮಾಣಿಕ ನಂಬಿಕೆ. ಸಸಿಗಳು ಚಿಕ್ಕವಿದ್ದಾಗ, ಬೇಟೆಯೂ ನಿಂತಾಗ, ಚಿಗರಿಗಳ ಸಂಖ್ಯೆ ಏರಿತು. ಮರಗಳು ಬೆಳೆದು ನೆರಳು ದಟ್ಟವಾದಂತೆ ಕೆಳಗಿನ ಹುಲ್ಲು ಕ್ಷೀಣಿಸಿತು. ಹೊಟ್ಟೆಗೆ ಬೇಕಾದ ಮೇವಿಗಾಗಿ ಹಿಂಡುಗಳು ಸುತ್ತಲಿನ ಹೊಲಗಳತ್ತ ಹೊರಳಿದವು.

ಇಂದು ಆ ಭಾಗದಲ್ಲಿ ಓಡಾಡುವವರಿಗೆ ಚಿಗರಿಗಳು ಅಭಯಾರಣ್ಯದ ಒಳಗೆ ಕಾಣುವುದಕ್ಕಿಂತ ಮೆಕ್ಕೆಜೋಳ, ಶೇಂಗಾ, ಜೋಳದ ಹೊಲಗಳ ಅಂಚಿನಲ್ಲಿ ಸುಲಭವಾಗಿ ಕಾಣುತ್ತವೆ. ಮೊಳಕೆಯೊಡೆದ ಪೈರನ್ನು ಒಂದು ಹಿಂಡು ಒಂದೇ ರಾತ್ರಿಯಲ್ಲಿ ಮೇದು ಹೋಗುತ್ತದೆ. ಬಿತ್ತಿದ ಬೀಜ, ಹಾಕಿದ ಗೊಬ್ಬರ, ಮಾಡಿದ ಸಾಲ ಎಲ್ಲವೂ ಆ ರಾತ್ರಿಯ ಜೊತೆಗೆ ಹೋದಾಗ ರೈತನಿಗೆ ಸಿಟ್ಟು ಬರುವುದು ಸಹಜ. ನಮ್ಮ ಕಡೆಯ ರೈತರು ಚಿಗರಿಯನ್ನು ದ್ವೇಷಿಸುವವರಲ್ಲ ಎಂಬುದನ್ನು ನಾನು ಒತ್ತಿ ಹೇಳಬಲ್ಲೆ. ಹೊಲದ ಅಟ್ಟದ ಮೇಲೆ ಚಳಿಯಲ್ಲಿ ಕುಳಿತು, ಡಬ್ಬಿ ಬಡಿದು, ಕೂಗು ಹಾಕಿ ಅವುಗಳನ್ನು ಓಡಿಸುವವರೇ, ನಾಯಿಗಳು ಮರಿಯನ್ನು ಅಟ್ಟಿಸಿಕೊಂಡು ಬಂದಾಗ ಅದನ್ನು ಎತ್ತಿಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿದ್ದನ್ನೂ ಕಂಡಿದ್ದೇನೆ. ಆದರೆ ಸಹನೆಗೂ ಒಂದು ಬೆಲೆಯಿದೆ. ಬೆಳೆಹಾನಿ ಪರಿಹಾರ ತಡವಾಗಿ, ಕಡಿಮೆಯಾಗಿ ಬಂದಷ್ಟೂ ಆ ಬೆಲೆಯನ್ನು ಸಣ್ಣ ಹಿಡುವಳಿದಾರನೊಬ್ಬನೇ ತೆರಬೇಕಾಗುತ್ತದೆ, ರಾಷ್ಟ್ರಕ್ಕೆಲ್ಲ ಸೇರಿದ ಸಂಪತ್ತಿನ ಮೇವಿನ ಖರ್ಚನ್ನು ಎರಡು ಎಕರೆಯವನ ತಲೆಯ ಮೇಲೆ ಹಾಕಿದಂತಾಗುತ್ತದೆ.

ರಾಣೆಬೆನ್ನೂರಿನ ಕಥೆಯ ಇನ್ನೊಂದು ಭಾಗ ಇನ್ನಷ್ಟು ನೋವಿನದು. ಅದೇ ಬಯಲಿನಲ್ಲಿ ಒಂದು ಕಾಲಕ್ಕೆ ಎರ್ಲಡ್ಡು ಕೂಡ ಇತ್ತು. ಪತ್ರಿಕೆಗಳು ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಬರೆಯುವ ಹಕ್ಕಿ ಇದೇ. ಗಂಡು ಹಕ್ಕಿ ಹದಿನೈದು ಕಿಲೋ ತನಕ ತೂಗಬಲ್ಲದು. ಹಾರಬಲ್ಲ ಹಕ್ಕಿಗಳಲ್ಲಿ ಜಗತ್ತಿನಲ್ಲೇ ಅತಿ ಭಾರದವುಗಳ ಸಾಲಿಗೆ ಇದು ಸೇರುತ್ತದೆ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದನ್ನೂ ಗೂಡು ಕಟ್ಟದೆ ಬರಿ ನೆಲದ ಮೇಲೆ. ಆ ಒಂದು ಮೊಟ್ಟೆಯನ್ನು ನಾಯಿ ತಿಂದರೆ, ದನದ ಕಾಲಿಗೆ ಸಿಕ್ಕರೆ, ಟ್ರ್ಯಾಕ್ಟರ್ ಹರಿದರೆ ಆ ವರ್ಷದ ಸಂತಾನ ಅಲ್ಲಿಗೆ ಮುಗಿಯಿತು. ಇಂಥ ಹಕ್ಕಿಗೆ ಮರಗಳ ಸಾಲು ಎಂದರೆ ಗೋಡೆಯಿದ್ದ ಹಾಗೆ. ನೀಲಗಿರಿ ಬೆಳೆದ ರಾಣೆಬೆನ್ನೂರಿನಲ್ಲಿ ಅದಕ್ಕೆ ನೆಲೆಯಿಲ್ಲದಾಯಿತು. ಕೊಲ್ಲುವ ಉದ್ದೇಶದಿಂದ ಯಾರೂ ಅಲ್ಲಿಂದ ಅದನ್ನು ಓಡಿಸಲಿಲ್ಲ. ಒಳ್ಳೆಯ ಉದ್ದೇಶದಿಂದ ನೆಟ್ಟ ಗಿಡಗಳೂ, ಸುತ್ತಲಿನ ಬೇಸಾಯದ ಬದಲಾವಣೆಯೂ ಸೇರಿ ಅದನ್ನು ಹೊರಗಟ್ಟಿದವು.

ಮರವಿಲ್ಲದ ನೆಲ ಬಂಜರು ಎಂಬ ತಿಳಿವಳಿಕೆ ನಮ್ಮ ಆಡಳಿತಕ್ಕೆ ಬ್ರಿಟಿಷರ ಕಂದಾಯ ಪದ್ಧತಿಯಿಂದ ಬಂದದ್ದು. ಕಂದಾಯ ತರದ ನೆಲವೆಲ್ಲ ಅವರ ಲೆಕ್ಕದಲ್ಲಿ ಪಾಳು. ಸ್ವಾತಂತ್ರ್ಯದ ಬಳಿಕವೂ ಆ ಲೆಕ್ಕ ಬದಲಾಗಲಿಲ್ಲ. ಕೇಂದ್ರ ಸರ್ಕಾರ ಪ್ರಕಟಿಸುವ ಬಂಜರು ಭೂಮಿಯ ನಕಾಶೆಗಳಲ್ಲಿ ಕುರುಚಲು ಕಾಡು, ಹುಲ್ಲುಗಾವಲು, ಕಲ್ಲುಗುಡ್ಡಗಳೂ ಬಂಜರಿನ ಪಟ್ಟಿಗೇ ಸೇರುತ್ತವೆ. ಆ ಪಟ್ಟಿಗೆ ಒಮ್ಮೆ ಸೇರಿದ ನೆಲಕ್ಕೆ ಮುಂದೆ ಎರಡೇ ಗತಿ: ಒಂದೋ ಅದರಲ್ಲಿ ಗುಂಡಿ ತೋಡಿ ಸಸಿ ನೆಡುತ್ತಾರೆ, ಇಲ್ಲವೇ ಕೈಗಾರಿಕೆಗೋ ವಿದ್ಯುತ್ ಸ್ಥಾವರಕ್ಕೋ ಕೊಡುತ್ತಾರೆ. ಎಂಬತ್ತರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಬಯಲುಸೀಮೆಯ ಉದ್ದಗಲಕ್ಕೂ ನೀಲಗಿರಿ ಹಬ್ಬಿತು. ರೈತ ಸಂಘಟನೆಗಳು ಆಗಲೇ ಅದನ್ನು ವಿರೋಧಿಸಿ ಸಸಿಗಳನ್ನು ಕಿತ್ತು ಪ್ರತಿಭಟಿಸಿದ್ದವು. ನೀಲಗಿರಿಯ ಹೊಸ ನಾಟಿಯನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ಹಲವು ಬಯಲುಗಳ ಗುರುತೇ ಸಿಗದಂತಾಗಿತ್ತು. ನೀಲಗಿರಿ ಬಾರದ ಕಡೆ ಬಳ್ಳಾರಿ ಜಾಲಿ ಆವರಿಸಿಕೊಂಡಿತ್ತು. ಅಮೆರಿಕ ಖಂಡದಿಂದ ಬಂದ ಈ ಮುಳ್ಳುಗಿಡದ ಕಾಯಿಯನ್ನು ಚಿಗರಿಗಳೂ ಕುರಿಗಳೂ ತಿಂದು, ಹಿಕ್ಕೆಯೊಡನೆ ಬೀಜವನ್ನು ಊರೂರಿಗೆ ಹಂಚುತ್ತವೆ. ಅದು ಒಮ್ಮೆ ಬೇರೂರಿದ ನೆಲದಲ್ಲಿ ಹುಲ್ಲು ಮತ್ತೆ ತಲೆಯೆತ್ತುವುದು ಕಷ್ಟ.

ನಮ್ಮ ಹಿಂದಿನವರಿಗೆ ಹುಲ್ಲುಗಾವಲಿನ ಬೆಲೆ ಗೊತ್ತಿರಲಿಲ್ಲವೆಂದು ಯಾರಾದರೂ ತಿಳಿದರೆ ಅದು ತಪ್ಪು. ಮೈಸೂರು ಸೀಮೆಯ ಅಮೃತಮಹಲ್ ಕಾವಲುಗಳೇ ಅದಕ್ಕೆ ಸಾಕ್ಷಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ಅರಮನೆಯ ದನಗಳ ಇಲಾಖೆಗೆ ಮುಂದೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂಬ ಹೆಸರಿಟ್ಟ. ಆ ದನಗಳು ಋತುವಿಗೆ ತಕ್ಕಂತೆ ಕಾವಲಿನಿಂದ ಕಾವಲಿಗೆ ಸಾಗುತ್ತಿದ್ದವು. ಹೀಗಾಗಿ ಯಾವ ಕಾವಲೂ ಪೂರ್ತಿ ಬೋಳಾಗುತ್ತಿರಲಿಲ್ಲ, ಯಾವ ಕಾವಲಿನಲ್ಲೂ ಪೊದೆ ಬೆಳೆದು ಹುಲ್ಲನ್ನು ಮುಚ್ಚುತ್ತಿರಲಿಲ್ಲ. ದನಗಳಿಗೆಂದು ಕಾಯ್ದ ಆ ನೆಲದಲ್ಲಿ ಚಿಗರಿ, ತೋಳ, ಎರ್ಲಡ್ಡುಗಳೂ ಬದುಕಿದವು. ಚಿತ್ರದುರ್ಗ, ತುಮಕೂರು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹರಡಿದ್ದ ಈ ಕಾವಲುಗಳಲ್ಲಿ ಈಗ ಉಳಿದಿರುವುದು ಸ್ವಲ್ಪವೇ. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ಉಳ್ಳಾರ್ತಿ ಮುಂತಾದ ಕಡೆ ಸುಮಾರು ಹತ್ತು ಸಾವಿರ ಎಕರೆ ಕಾವಲು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳ ಪಾಲಾಯಿತು. ಆ ಸಂಸ್ಥೆಗಳು ದೇಶಕ್ಕೆ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಸುತ್ತಲಿನ ಹಳ್ಳಿಗಳ ದನ ಕುರಿಗಳು ತಲೆತಲಾಂತರದಿಂದ ಮೇಯುತ್ತಿದ್ದ ನೆಲಕ್ಕೆ ಗೋಡೆ ಎದ್ದಾಗ, ಅದು ಖಾಲಿ ಜಾಗವಾಗಿತ್ತು ಎಂಬ ಸಮಜಾಯಿಷಿಯನ್ನು ಕೇಳಿಸಿಕೊಳ್ಳುವುದು ಬಹಳ ಕಷ್ಟ. ಪಾವಗಡದಲ್ಲಿ ಸುಮಾರು ಹದಿಮೂರು ಸಾವಿರ ಎಕರೆಯಲ್ಲಿ ಸೌರಫಲಕಗಳು ಹರಡಿಕೊಂಡಿವೆ. ಬರದ ಸೀಮೆಯ ರೈತನಿಗೆ ಅಲ್ಲಿ ನಿಶ್ಚಿತ ಗುತ್ತಿಗೆಯ ಹಣ ಸಿಗುತ್ತಿದೆ, ಅದನ್ನು ಅಲ್ಲಗಳೆಯಲಾಗದು. ಆದರೂ ಅಷ್ಟು ದೊಡ್ಡ ತೆರೆದ ನೆಲವನ್ನು ಮುಚ್ಚುವ ಮೊದಲು ಅಲ್ಲಿ ಯಾವ ಜೀವಿಗಳು ಬದುಕುತ್ತಿದ್ದವು ಎಂಬುದನ್ನು ಕಾಡಿನ ವಿಷಯದಲ್ಲಿ ಕೇಳುವಷ್ಟೇ ಗಟ್ಟಿಯಾಗಿ ಕೇಳುವ ಪದ್ಧತಿ ನಮ್ಮಲ್ಲಿ ಇರಬೇಕಿತ್ತು.

ಎರ್ಲಡ್ಡುವಿನ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ನಮಗೆ ಉಳಿದಿರುವ ಸಮಯ ಅಲ್ಲಿಯೇ ಅತ್ಯಂತ ಕಡಿಮೆ. ದೇಶದಲ್ಲಿ ಕಾಡುನೆಲೆಯಲ್ಲಿ ಉಳಿದಿರುವ ಎರ್ಲಡ್ಡುಗಳು ನೂರೈವತ್ತಕ್ಕೂ ಕಡಿಮೆ ಎಂಬುದು ತಜ್ಞರ ಅಂದಾಜು, ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಥಾರ್ ಮರುಭೂಮಿಯಲ್ಲಿವೆ. ಕರ್ನಾಟಕದ ಪಾಲಿಗೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಪ್ಪು ಎರೆ ಹೊಲಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ. ತುಂಗಭದ್ರಾ ಕಾಲುವೆಗಳು ಬಂದ ಮೇಲೆ ಸಿರುಗುಪ್ಪ ಭತ್ತದ ಸೀಮೆಯಾಯಿತು. ಕಾಲುವೆ ತಲುಪದ, ಮಳೆಯನ್ನೇ ನಂಬಿದ ಹೊಲಗಳೂ ಬೀಳುಭೂಮಿಯೂ ಸೇರಿದ ತುಂಡು ನೆಲದಲ್ಲಿ ಈ ಹಕ್ಕಿ ಉಳಿದುಕೊಂಡಿದೆ. ಜೋಳ, ಕಡಲೆ ಬೆಳೆಯುವ ಹೊಲದಲ್ಲಿ ಅದು ಮಿಡತೆಗಳನ್ನು ಹಿಡಿಯುತ್ತದೆ. ಅದಕ್ಕೆ ಅನುಕೂಲವಾದ ಬೇಸಾಯ ಎಂದರೆ ನಮ್ಮ ಅಜ್ಜಂದಿರ ಒಣಬೇಸಾಯ. ಕೊಳವೆಬಾವಿ ಬಂದು ಎರಡು ಬೆಳೆ ಶುರುವಾದರೆ, ಕೀಟನಾಶಕ ಹೆಚ್ಚಾದರೆ, ಹೊಲದ ಮೇಲೆ ಹೈಟೆನ್ಷನ್ ತಂತಿ ಎಳೆದರೆ ಅದಕ್ಕೆ ಅಲ್ಲಿ ಬಾಳಿಲ್ಲ. ಮೇವು ಹುಡುಕುತ್ತ ಸದಾ ನೆಲವನ್ನು ನೋಡುವ ಅದರ ಕಣ್ಣುಗಳಿಗೆ ಹಾರುವಾಗ ನೇರ ಮುಂದಿನ ನೋಟ ಕಿರಿದು. ತಂತಿ ಕಂಡ ಮೇಲೂ ಅಷ್ಟು ಭಾರದ ಮೈಯನ್ನು ತಟ್ಟನೆ ಹೊರಳಿಸಲಾಗದು. ರಾಜಸ್ಥಾನ ಮತ್ತು ಗುಜರಾತಿನಲ್ಲಿ ತಂತಿಗಳಿಗೆ ಬಡಿದು ಈ ಹಕ್ಕಿಗಳು ಸಾಯುತ್ತಿದ್ದ ಕಾರಣಕ್ಕೆ 2021ರಲ್ಲಿ ಸರ್ವೋಚ್ಚ ನ್ಯಾಯಾಲಯ ಅಲ್ಲಿನ ತಂತಿಗಳನ್ನು ನೆಲದಡಿಗೆ ಹಾಕುವಂತೆ ಆದೇಶಿಸಿತು. ಎಲ್ಲ ಕಡೆ ಅದು ಸಾಧ್ಯವಿಲ್ಲವೆಂಬ ಸರ್ಕಾರದ ವಾದವನ್ನು ಕೇಳಿ 2024ರಲ್ಲಿ ಆ ಆದೇಶವನ್ನು ಸಡಿಲಿಸಿ, ತಜ್ಞರ ಸಮಿತಿಯೊಂದನ್ನು ನೇಮಿಸಿತು.

ಹಾಗಾದರೆ ಸಿರುಗುಪ್ಪದಲ್ಲಿ ಒಂದು ದೊಡ್ಡ ಅಭಯಾರಣ್ಯ ಘೋಷಿಸಿದರೆ ಮುಗಿಯಿತಲ್ಲ ಎಂದು ಕೇಳಬಹುದು. ನೆರೆಯ ರಾಜ್ಯಗಳ ಅನುಭವ ಇಲ್ಲಿ ಎಚ್ಚರಿಕೆಯಾಗಬೇಕು. ಕನ್ನಡ ಮಾತನಾಡುವವರು ಬಹಳಷ್ಟಿರುವ ಸೊಲ್ಲಾಪುರದ ಸುತ್ತ ಮಹಾರಾಷ್ಟ್ರ ಸರ್ಕಾರ 1979ರಲ್ಲಿ ಎರ್ಲಡ್ಡುವಿಗಾಗಿ ಘೋಷಿಸಿದ ಅಭಯಾರಣ್ಯದ ವಿಸ್ತೀರ್ಣ 8,496 ಚದರ ಕಿಲೋಮೀಟರ್. ಊರುಗಳು, ಪೇಟೆಗಳು, ಖಾಸಗಿ ಹೊಲಗಳು ಎಲ್ಲವೂ ಅದರ ಗಡಿಯೊಳಗೆ ಬಂದವು. ತನ್ನದೇ ಹೊಲದಲ್ಲಿ ಏನು ಮಾಡಬೇಕಾದರೂ ನಿರ್ಬಂಧ ಎದುರಾದಾಗ, ಮೊದಲು ಆ ಹಕ್ಕಿಯನ್ನು ತನ್ನ ಸೀಮೆಯದೆಂದು ನೋಡುತ್ತಿದ್ದ ರೈತನಿಗೆ ಅದು ಸರ್ಕಾರದ ಹಕ್ಕಿಯಾಯಿತು. ಮುಂದೆ ಅಭಯಾರಣ್ಯವನ್ನು 1,222 ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು, ಹಕ್ಕಿಗಳಂತೂ ಹೆಚ್ಚಲಿಲ್ಲ. ಆಂಧ್ರದ ಕರ್ನೂಲು ಸೀಮೆಯ ರೋಳ್ಳಪಾಡು ಇದಕ್ಕೆ ತದ್ವಿರುದ್ಧ: 1988ರಲ್ಲಿ ಘೋಷಣೆಯಾದ ಆ ಅಭಯಾರಣ್ಯ ಕೇವಲ ಆರು ಚದರ ಕಿಲೋಮೀಟರಿನಷ್ಟು. ಬೇಲಿಯೊಳಗೆ ಹುಲ್ಲು ಸೊಂಪಾಗಿ ಬೆಳೆಯಿತು, ಚಿಗರಿಗಳು ಹೆಚ್ಚಿ ಸುತ್ತಲಿನ ಬೆಳೆಗೆ ಬಿದ್ದವು, ಬೇಲಿಯ ಹೊರಗೆ ನೀರಾವರಿ ಬಂದು ಬೆಳೆಯೇ ಬದಲಾಯಿತು, ಮೈಲುಗಟ್ಟಲೆ ಅಲೆದಾಡುವ ಎರ್ಲಡ್ಡುವಿಗೆ ಆ ಬೇಲಿಯೊಳಗಿನ ತುಂಡು ಸಾಲದಾಯಿತು. ಒಂದು ಕಡೆ ಗಡಿ ಅಳತೆ ಮೀರಿ ಹಿಗ್ಗಿತು, ಇನ್ನೊಂದು ಕಡೆ ಸಾಲದಷ್ಟು ಕುಗ್ಗಿತು. ಬಯಲಿನ ಪ್ರಾಣಿಯ ಬದುಕು ರೈತನ ಬೆಳೆಯ ಆಯ್ಕೆಗೆ ಹೆಣೆದುಕೊಂಡಿದೆ ಎಂಬುದನ್ನು ಎರಡೂ ಕಡೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಣಬೇಸಾಯವನ್ನು ಬಿಡದೆ ಮುಂದುವರಿಸುವ ರೈತನಿಗೆ, ಹೊಲದಲ್ಲಿ ಎರ್ಲಡ್ಡು ಮೊಟ್ಟೆಯಿಟ್ಟಾಗ ಆ ಮೂಲೆಯನ್ನು ಉಳದೆ ಬಿಡುವ ರೈತನಿಗೆ, ಎಕರೆಗೆ ಇಷ್ಟು ಎಂದು ಪ್ರತಿವರ್ಷ ಖಾತೆಗೆ ಹಣ ಹಾಕುವ ವ್ಯವಸ್ಥೆಯೇ ಸಿರುಗುಪ್ಪದಲ್ಲಿ ನಿಜವಾದ ಅಭಯಾರಣ್ಯವಾಗಬಲ್ಲದು ಎಂದು ನಾನು ನಂಬಿದ್ದೇನೆ.

ತೋಳದ ಕಥೆ ಬೇರೆ. ಅದಕ್ಕೆ ಕುರಿಗಾಹಿಯ ಜೊತೆ ಇರುವ ನಂಟು ಸಾವಿರಾರು ವರ್ಷಗಳದು. ನಮ್ಮ ದೇಶದಲ್ಲಿ ಉಳಿದಿರುವ ತೋಳಗಳು ಸುಮಾರು ಮೂರು ಸಾವಿರ ಎಂಬ ಅಂದಾಜಿದೆ, ಅಂದರೆ ಹುಲಿಗಳಿಗಿಂತ ಕಡಿಮೆ. ಹುಲಿಯಷ್ಟೇ ದೊಡ್ಡ ಕಾನೂನಿನ ರಕ್ಷಣೆ ತೋಳಕ್ಕೂ ಇದೆ, ಆದರೆ ಅದು ಬದುಕುವ ಜಾಗದ ಬಹುಭಾಗ ಯಾವ ಅಭಯಾರಣ್ಯದ ಒಳಗೂ ಇಲ್ಲ. ಮಂಡ್ಯ ಜಿಲ್ಲೆಯ ಮೇಲುಕೋಟೆಯ ಸುತ್ತ 49.82 ಚದರ ಕಿಲೋಮೀಟರ್ ನೆಲವನ್ನು 1974ರಲ್ಲೇ ತೋಳಗಳಿಗಾಗಿ ಅಭಯಾರಣ್ಯವೆಂದು ಘೋಷಿಸಿದ್ದರೂ, ಇಂದಿಗೂ ಮೇಲುಕೋಟೆ ಎಂದರೆ ಚೆಲುವನಾರಾಯಣ ಮತ್ತು ವೈರಮುಡಿ ಮಾತ್ರ ನೆನಪಾಗುತ್ತದೆ. ಈಚೆಗೆ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ 332 ಎಕರೆಯ ತೋಳಧಾಮ ರೂಪುಗೊಂಡಿದೆ. ಅಲ್ಲಿ ಮರಿಗಳು ಹುಟ್ಟಿದ ಸುದ್ದಿ ಬಂದಾಗ ನನಗಾದ ಸಂತೋಷ ದೊಡ್ಡದು. ಜೊತೆಗೇ ಒಂದು ಲೆಕ್ಕವನ್ನೂ ಮರೆಯುವಂತಿಲ್ಲ: ತೋಳದ ಒಂದು ಗುಂಪಿಗೆ ಹತ್ತಾರು, ಕೆಲವೊಮ್ಮೆ ನೂರಕ್ಕೂ ಮಿಕ್ಕಿ ಚದರ ಕಿಲೋಮೀಟರ್ ಅಲೆದಾಟದ ನೆಲ ಬೇಕು. ಒಂದೂವರೆ ಚದರ ಕಿಲೋಮೀಟರೂ ಇಲ್ಲದ ಧಾಮ ಅದಕ್ಕೆ ಮರಿ ಹಾಕುವ ಮನೆಯಾಗಬಹುದಷ್ಟೇ, ಉಣ್ಣುವ ಜಾಗ ಹೊರಗಿನ ಕುರಿಗಾವಲುಗಳಲ್ಲೇ ಇದೆ.

ಆ ಕುರಿಗಾವಲುಗಳಲ್ಲಿ ಏನಾಗುತ್ತಿದೆ ಎಂಬುದನ್ನು ಕುರಿಗಾಹಿಗಳನ್ನೇ ಕೇಳಬೇಕು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿಸುವ ಪದ್ಧತಿ ನಮ್ಮ ಕಡೆ ಇನ್ನೂ ಇದೆ. ಸಂಜೆಗೆ ಬಲೆ ಕಟ್ಟಿ, ನಾಯಿಗಳನ್ನು ಬಿಟ್ಟು, ಕಂಬಳಿ ಹೊದ್ದು ಕೂರುವ ಹಿರಿಯರೊಬ್ಬರೊಡನೆ ಮಾತನಾಡಿದಾಗ ಅವರು ಹೇಳಿದ ಮಾತು ಇದು: "ತ್ವಾಳಕ್ಕೂ ಹೊಟ್ಟಿ ಐತಿ, ತಮ್ಮಾ, ಅದನ್ನ ನಾವ್ಯಾಕ ಬ್ಯಾಡ ಅನ್ನೂಣು. ಆದ್ರ ವರ್ಷಕ್ಕ ಎಷ್ಟ್ ಮರಿ ಅದಕ್ಕ ಕೊಡೂದು ಅನ್ನೂದನ್ನ ಯಾರರ ನಮ್ಮ ಕೂಡ ಕುಂತು ಮಾತಾಡಬೇಕಲ್ಲ?" ಕಾಡುಪ್ರಾಣಿ ಜಾನುವಾರು ಕೊಂದರೆ ಪರಿಹಾರ ಕೊಡುವ ನಿಯಮವೇನೋ ಇದೆ. ಅದಕ್ಕೆ ಪಂಚನಾಮೆಯಾಗಬೇಕು, ಪಶುವೈದ್ಯರ ಪ್ರಮಾಣಪತ್ರ ಬೇಕು, ಸತ್ತ ಕುರಿಯ ಕಳೇಬರ ಅಲ್ಲಿಯೇ ಇರಬೇಕು. ಇಂದು ಈ ಊರು, ನಾಳೆ ಮುಂದಿನ ಊರು ಎಂದು ಸಾಗುವ ಕುರಿಗಾಹಿಗೆ ಇದೆಲ್ಲ ಆಗುವ ಮಾತಲ್ಲ. ತೋಳ ಹೊತ್ತೊಯ್ದ ಮರಿಯ ಕಳೇಬರ ಸಿಗುವುದೂ ಇಲ್ಲ. ಹೀಗೆ ನಿಯಮ ಕಾಗದದ ಮೇಲಿದ್ದು, ನಷ್ಟ ಕುರಿಗಾಹಿಯ ಮೇಲಿರುವಷ್ಟು ಕಾಲ, ಚಳಿಗಾಲದಲ್ಲಿ ಹಳ್ಳದ ದಂಡೆಯ ಗವಿಯಲ್ಲಿ ಹುಟ್ಟಿದ ಮರಿಗಳಿಗೆ ಹೊಗೆ ಹಾಕಿ ಕೊಲ್ಲುವ ಹಳೆಯ ಕ್ರಮವನ್ನು ಬರಿಯ ಉಪದೇಶದಿಂದ ನಿಲ್ಲಿಸಲಾಗದು. ಇದರ ಜೊತೆಗೆ ಊರನಾಯಿಗಳಿಂದ ತೋಳಗಳಿಗೆ ರೋಗ ಹರಡುವುದು, ನಾಯಿ ಮತ್ತು ತೋಳಗಳು ಕೂಡಿ ಮಿಶ್ರತಳಿ ಹುಟ್ಟುವುದು ಎಂಬ ಹೊಸ ಅಪಾಯಗಳೂ ಸೇರಿಕೊಂಡಿವೆ. ಈ ಊರನಾಯಿಗಳ ಹೊಟ್ಟೆ ತುಂಬಿಸುವ ಕೋಳಿ ಅಂಗಡಿಗಳ ತ್ಯಾಜ್ಯವನ್ನು ಊರ ಹೊರಗೆ ಸುರಿಯುವುದನ್ನು ನಿಲ್ಲಿಸಿದರೆ ತೋಳಗಳ ಸಂರಕ್ಷಣೆಗೆ ಎಷ್ಟು ಉಪಕಾರವಾಗುತ್ತದೆ ಎಂಬುದು ಗ್ರಾಮ ಪಂಚಾಯಿತಿಗಳಿಗೆ ತಿಳಿಯಬೇಕಾದ ವಿಷಯ.

ಒಳ್ಳೆಯದು ನಡೆದ ಕಡೆಗಳನ್ನೂ ಹೇಳಬೇಕು. ಹಂಪಿಯಿಂದ ಹೆಚ್ಚು ದೂರವಿಲ್ಲದ ದರೋಜಿಯ ಕಲ್ಲುಗುಡ್ಡಗಳನ್ನು 1994ರಲ್ಲಿ ಕರಡಿಧಾಮವೆಂದು ಘೋಷಿಸಿದಾಗ ಅದರ ವಿಸ್ತೀರ್ಣ 55.87 ಚದರ ಕಿಲೋಮೀಟರ್, ಮುಂದೆ ಅದು 82 ಚದರ ಕಿಲೋಮೀಟರ್ ದಾಟಿತು. ಕಡಿತ, ಮೇವು, ಬೆಂಕಿಗಳಿಂದ ಬೋಳಾಗಿದ್ದ ಆ ಗುಡ್ಡಗಳಲ್ಲಿ ಕಾವಲು ಬಿಗಿಯಾದ ಮೇಲೆ ಕಾರೆ, ಬೋರೆ, ಕವಳಿ, ತುಗ್ಗಲಿ ಮುಂತಾದ ಸ್ಥಳೀಯ ಕುರುಚಲು ತಾನಾಗಿಯೇ ಚಿಗುರಿತು. ಕರಡಿ ಹೆಚ್ಚಾಗಿ ಗೆದ್ದಲು, ಇರುವೆ, ಜೇನು, ಕಾಡುಹಣ್ಣುಗಳನ್ನು ತಿಂದು ಬದುಕುವ ಪ್ರಾಣಿ. ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲದ ಸಂದಿನಿಂದ ಅದು ಹುತ್ತದ ಗೆದ್ದಲನ್ನು ಹೀರಿಕೊಳ್ಳುತ್ತದೆ. ತಾಯಿ ತನ್ನ ಮರಿಗಳನ್ನು ಬೆನ್ನಮೇಲೆ ಹೊತ್ತು ತಿರುಗುತ್ತದೆ. ನಮ್ಮ ಬಾಲ್ಯದಲ್ಲಿ ಊರಿಗೆ ಬರುತ್ತಿದ್ದ ಕರಡಿ ಆಡಿಸುವವರ ಮೂಗುದಾರದ ಕರಡಿಯನ್ನಷ್ಟೇ ಕಂಡವರಿಗೆ ದರೋಜಿಯ ಬಂಡೆಯಿಂದ ಸಂಜೆ ಇಳಿದು ಬರುವ ಕರಡಿ ಬೇರೆಯದೇ ಪ್ರಾಣಿಯೆನಿಸುತ್ತದೆ. ಅದನ್ನು ಪ್ರವಾಸಿಗರಿಗೆ ತೋರಿಸಲೆಂದು ಬಂಡೆಗಳಿಗೆ ಬೆಲ್ಲದ ಪಾಕ ಸವರುವ ಪದ್ಧತಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ಕರಡಿಯನ್ನು ಕಾಣದೆ ಮರಳಿದರೂ ನಷ್ಟವಿಲ್ಲ ಎಂದು ತಿಳಿದ ಪ್ರವಾಸಿಗರನ್ನು ತಯಾರು ಮಾಡುವುದೂ ಅಭಯಾರಣ್ಯದ ಕೆಲಸವೇ.

ದರೋಜಿಯ ಬಳಿಕ ರಾಜ್ಯ ಸರ್ಕಾರ ಬಯಲುಸೀಮೆಯತ್ತ ಹೆಚ್ಚು ಗಮನ ಕೊಟ್ಟಿದೆ ಎಂಬುದನ್ನು ಸಂತೋಷದಿಂದ ಒಪ್ಪುತ್ತೇನೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗಳ ಅಭಯಾರಣ್ಯವಾಯಿತು. ನಾಲ್ಕು ಕೊಂಬಿನ ಈ ನಾಚಿಕೆಯ ಪ್ರಾಣಿಯನ್ನು ನಮ್ಮಲ್ಲಿ ನೋಡಿದವರೇ ಕಡಿಮೆ. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ 2016ರಲ್ಲಿ ಚಿಂಕಾರಗಳಿಗೆ ಮೀಸಲಾಯಿತು. ಗದಗದ ಕಪ್ಪತಗುಡ್ಡದ ಹೋರಾಟ ಇವೆಲ್ಲಕ್ಕಿಂತ ಹೆಚ್ಚು ಹೇಳಿಕೊಳ್ಳಬೇಕಾದದ್ದು. 2015ರಲ್ಲಿ ಅದಕ್ಕೆ ಸಿಕ್ಕ ಸಂರಕ್ಷಿತ ಪ್ರದೇಶದ ಸ್ಥಾನವನ್ನು ಮರುವರ್ಷವೇ ಹಿಂತೆಗೆದುಕೊಂಡಾಗ, ಗಣಿಗಾರಿಕೆಯ ಭಯದಿಂದ ಜನ ಬೀದಿಗಿಳಿದರು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು ಅದರ ಮುಂದಾಳತ್ವ ವಹಿಸಿದರು, 2017ರಲ್ಲಿ ಸರ್ಕಾರ ಆ ಸ್ಥಾನವನ್ನು ಮರಳಿ ಕೊಟ್ಟಿತು, 2019ರಲ್ಲಿ ಅದರ 244 ಚದರ ಕಿಲೋಮೀಟರ್ ಅಭಯಾರಣ್ಯವಾಯಿತು. ಎತ್ತರದ ಕಾಡಿಲ್ಲದ, ಹುಲ್ಲು ಮತ್ತು ಔಷಧಿಯ ಗಿಡಗಳ ಒಂದು ಗುಡ್ಡಸಾಲಿಗಾಗಿ ರೈತರು, ವಿದ್ಯಾರ್ಥಿಗಳು, ಮಠಗಳು ಒಂದಾಗಿ ನಿಂತದ್ದು ನಮ್ಮ ಸೀಮೆಯ ಇತಿಹಾಸದಲ್ಲಿ ದೊಡ್ಡ ಘಟನೆ. ಬೆಂಗಳೂರಿನ ಅಂಚಿನ ಹೆಸರಘಟ್ಟದ ಹುಲ್ಲುಗಾವಲಿಗೂ ಇಂಥದೇ ದೀರ್ಘ ಹೋರಾಟ ಬೇಕಾಯಿತು. ಅದನ್ನು ಸಂರಕ್ಷಿಸುವ ಪ್ರಸ್ತಾವವನ್ನು 2021ರಲ್ಲಿ ತಳ್ಳಿಹಾಕಿದ್ದ ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಅದನ್ನು ಒಪ್ಪಿಕೊಂಡಿತು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ, ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ಇವೆರಡೂ ಮುಂದಿನ ದಾರಿಯನ್ನು ತೋರಿಸುತ್ತವೆ ಎಂದು ನನಗೆ ಅನ್ನಿಸುತ್ತದೆ. ಮೈದನಹಳ್ಳಿಯದು 798 ಎಕರೆ, 2007ರಲ್ಲಿ ಘೋಷಣೆಯಾದದ್ದು. ಬಾಸೂರಿನದು ಏಳು ಚದರ ಕಿಲೋಮೀಟರಿಗೆ ಸ್ವಲ್ಪ ಮೇಲೆ, 2011ರದು. ಇವು ಅಭಯಾರಣ್ಯಗಳಲ್ಲ, ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಹುಟ್ಟಿದ, ಸಂರಕ್ಷಿತ ಪ್ರದೇಶ (ಕನ್ಸರ್ವೇಶನ್ ರಿಸರ್ವ್) ಎಂಬ ಬೇರೊಂದು ವರ್ಗಕ್ಕೆ ಸೇರಿದವು. ಇಂಥ ಪ್ರದೇಶದ ನಿರ್ವಹಣಾ ಸಮಿತಿಯಲ್ಲಿ ಸುತ್ತಲಿನ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ, ಅಲ್ಲಿನ ಜನರ ಹಕ್ಕುಗಳನ್ನೂ ಅದು ಕಿತ್ತುಕೊಳ್ಳುವುದಿಲ್ಲ. ಹುಲ್ಲುಗಾವಲಿಗೆ ಮಿತವಾದ ಮೇಯುವಿಕೆ ಬೇಕು. ದನವನ್ನು ಪೂರ್ತಿಯಾಗಿ ಹೊರಗಿಟ್ಟರೆ ಹುಲ್ಲು ಬೆಳೆದು ಒಣಗಿ ಬೆಂಕಿಗೆ ಆಹುತಿಯಾಗುತ್ತದೆ, ಇಲ್ಲವೇ ಪೊದೆಗಳು ಆವರಿಸುತ್ತವೆ. ಎಷ್ಟು ಕುರಿ, ಯಾವ ತಿಂಗಳು, ಯಾವ ಮಗ್ಗುಲು ಎಂಬುದನ್ನು ಕುರಿಗಾಹಿಯೂ ಅರಣ್ಯ ರಕ್ಷಕನೂ ಒಂದೇ ಜಮಖಾನೆಯ ಮೇಲೆ ಕುಳಿತು ತೀರ್ಮಾನಿಸಲು ಈ ವರ್ಗದಲ್ಲಿ ಅವಕಾಶವಿದೆ.

ರಾಣೆಬೆನ್ನೂರಿನಲ್ಲಿ ಆಗಬೇಕಾದದ್ದು ಇದಕ್ಕಿಂತ ಕಷ್ಟದ ಕೆಲಸ: ನೀಲಗಿರಿಯನ್ನು ಹಂತಹಂತವಾಗಿ ತೆಗೆದು, ಅದರ ಬುಡಗಳು ಮತ್ತೆ ಚಿಗುರದಂತೆ ಬೇರುಸಹಿತ ಕಿತ್ತು, ಸ್ಥಳೀಯ ಹುಲ್ಲಿನ ಬೀಜ ಚೆಲ್ಲಿ, ಬಳ್ಳಾರಿ ಜಾಲಿಯನ್ನು ಪ್ರತಿ ಮಳೆಗಾಲದ ಬಳಿಕ ಕೀಳುತ್ತ, ನಾಲ್ಕಾರು ವರ್ಷ ತಾಳ್ಮೆಯಿಂದ ಕಾಯುವುದು. ಅರಣ್ಯ ಇಲಾಖೆಯ ಲೆಕ್ಕಪುಸ್ತಕದಲ್ಲಿ ನೆಟ್ಟ ಸಸಿಗಳಿಗೆ ಅಂಕಣವಿದೆ, ಉಳಿಸಿದ ಹುಲ್ಲಿಗೂ ತೆಗೆದ ಮರಕ್ಕೂ ಅಂಥ ಅಂಕಣ ಬರಬೇಕು. ಬಯಲಿನ ಹುಲ್ಲಿನ ಬೇರುಗಳು ಮಣ್ಣಿನಲ್ಲಿ ಇಂಗಾಲವನ್ನು ಹಿಡಿದಿಡುತ್ತವೆ, ಮಳೆಯ ನೀರನ್ನು ಇಂಗಿಸುತ್ತವೆ. ಹವಾಮಾನದ ಹೆಸರಿನಲ್ಲಿ ಸಸಿ ನೆಡುವ ಯೋಜನೆಗಳಿಗೆ ಹಣ ಕೊಡುವವರು ಆ ಹಣದ ಒಂದು ಪಾಲನ್ನು ಇದಕ್ಕೆ ಕೊಡಲು ಅಡ್ಡಿಯಿಲ್ಲ. ವನಮಹೋತ್ಸವದ ದಿನ ಶಾಲೆಯ ಮಕ್ಕಳನ್ನು ಹುಲ್ಲುಗಾವಲಿಗೆ ಕರೆದೊಯ್ಯುವುದಾದರೆ, ಗುದ್ದಲಿಯನ್ನು ಶಾಲೆಯಲ್ಲೇ ಬಿಟ್ಟು, ಚಿಗರಿಯ ಹೆಜ್ಜೆ, ನೆಲಗುಬ್ಬಿಯ ಗೂಡು, ಹತ್ತು ಬಗೆಯ ಹುಲ್ಲುಗಳನ್ನು ಅವರಿಗೆ ತೋರಿಸಲಿ.